ಕಾವಲು ಸಿವುಡು

ಟಬಿತಾಳಿಗೆ ಎಲ್ಲದಕ್ಕೂ ಭಯ. ಗುಡುಗಿಗೆ ಭಯ, ಗೂಳಿಗೆ ಭಯ, ಪಾದ್ರಿಯ ಕೆಮ್ಮಿಗೂ ಭಯ. ನಮ್ಮೂರು ಮಾರ್ಲ್‌ಕೋಟಿನ ಹೆಂಗಸರು ಅವಳನ್ನು ಆಡಿಕೊಂಡು ನಗುತ್ತಿದ್ದರು. “ದೊಡ್ಡಮನೆ ನಾಯಿ ಎದುರು ಬಂದ್ರೂ ನಮ್ಮ ಟಬ್ಬಿ ಮಂಡಿ ಬಗ್ಗಿಸ್ತಾಳೆ ಕಣ್ರೇ” ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಒಮ್ಮೆ ಬಗ್ಗಿಸಿದ್ದಳು. ನಾಯಿಯ ಹಿಂದೆ ಧಣಿ ಬರುತ್ತಿರಬಹುದು ಅಂದುಕೊಂಡಿದ್ದಳು. ಬರೀ ನಾಯಿಯೇ ಬಂತು.

ಆ ಭಯ ಹುಟ್ಟಿನಿಂದ ಬಂದದ್ದಲ್ಲ. ಅವಳ ಗಂಡ ರೂಬೆನ್ ಮಾಟ್ ದೊಡ್ಡಮನೆಯ ಕೆರೆ ಕಟ್ಟುವಾಗ ಸತ್ತ. ಕುಡಿಯುವ ನೀರಿಗೆ ತೋಡಿದ ಕೆರೆಯಲ್ಲ ಅದು. ಸರ್ ಆಂಬ್ರೋಸ್ ಧಣಿಗೆ ಊಟದ ಕೋಣೆಯ ಕಿಟಕಿಯಿಂದ ನೀರು ಕಾಣಬೇಕು ಅನ್ನಿಸಿತಂತೆ, ಅದಕ್ಕೆ. ಕಲ್ಲಿನ ಬಂಡಿ ಮಗುಚಿ ರೂಬೆನ್ ಎದೆಯ ಮೇಲೆ ಬಿತ್ತು. ಹೆಣ ಇನ್ನೂ ಮನೆಯಲ್ಲಿತ್ತು. ಪಾರುಪತ್ತೇಗಾರ ಥರ್ಕಲ್ ಬಂದು ಬಾಗಿಲಲ್ಲಿ ನಿಂತ. ಈ ಗುಡಿಸಲು ದೊಡ್ಡಮನೆಯದು, ದುಡಿಯುವ ಗಂಡಸಿಲ್ಲದ ಮನೆಯನ್ನು ಖಾಲಿ ಮಾಡಿಸುವುದು ವಾಡಿಕೆ, ಆದರೆ ಧಣಿಗಳು ದಯಾವಂತರು ಎಂದು ಹೇಳಿ ಹೋದ. ಅಂದಿನಿಂದ ಯಾರು ಬಾಗಿಲು ತಟ್ಟಿದರೂ ಟಬಿತಾ ಬೆಚ್ಚಿ ಬೀಳುತ್ತಾಳೆ. ಮಗಳು ಡೈನಾಳನ್ನು ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಾಳೆ.

ನಮ್ಮೂರಲ್ಲಿ ಬಡವರು ಚಳಿಗಾಲ ಕಳೆಯುವುದು ಹಕ್ಕಲಿನಿಂದ. ದೊಡ್ಡಮನೆಯ ಗೋಧಿ ಕೊಯ್ದು ಬಂಡಿಗೆ ಹೇರಿ ಆದಮೇಲೆ ಹೊಲದಲ್ಲಿ ಉದುರಿ ಬಿದ್ದ ತೆನೆ ಹೆಂಗಸರು ಮಕ್ಕಳದು. ಅಜ್ಜಿಯ ಅಜ್ಜಿಯ ಕಾಲದಿಂದ ಹಾಗೆ. ಹೊಲದ ನಡುವೆ ಕೊಯ್ದ ಪೈರು ಸೇರಿಸಿ ಕಟ್ಟಿದ ಒಂದು ಸಿವುಡು ನಿಲ್ಲಿಸಿರುತ್ತಾರೆ. ಅದು ಕಾವಲು ಸಿವುಡು. ಅದು ನಿಂತಿರುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ದೊಡ್ಡಮನೆಯವರು ಅದನ್ನು ಎತ್ತಿಕೊಂಡು ಹೋದಮೇಲೆ ಹಕ್ಕಲು ರಾಣಿ ಕೈಗಂಟೆ ಬಾರಿಸುತ್ತಾಳೆ. ರಾಣಿ ಅಂದರೆ ಹೆಂಗಸರು ತಮ್ಮೊಳಗೇ ಆರಿಸಿಕೊಂಡವಳು. ಗಂಟೆ ಆದಮೇಲೆ ಎಲ್ಲರೂ ಒಟ್ಟಿಗೆ ಒಳಗೆ. ಸಂಜೆ ಅವಳೇ ಮತ್ತೆ ಬಾರಿಸುವವರೆಗೆ ಯಾರೂ ಹೊಲ ಬಿಟ್ಟು ಏಳುವಂತಿಲ್ಲ. ಗಟ್ಟಿಮುಟ್ಟಾದವಳು ಬೇಗ ಬಂದು ಬಾಚಿಕೊಂಡು ಹೋಗಬಾರದು, ಮುದುಕಿಗೂ ಬಸುರಿಗೂ ಸಿಗಲಿ ಅಂತ ಮಾಡಿಕೊಂಡ ಕಟ್ಟು.

ಹಕ್ಕಲು ಆಯುವುದು ಸುಲಭದ ಕೆಲಸವಲ್ಲ. ಬೆಳಗಿನಿಂದ ಸಂಜೆವರೆಗೆ ಸೊಂಟ ನೆಟ್ಟಗಾಗುವುದಿಲ್ಲ. ಕೂಳೆ ಚುಚ್ಚಿ ಚುಚ್ಚಿ ಕಣಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬೆರಳಿನ ತುದಿ ಸೀಳುತ್ತದೆ. ರಾತ್ರಿ ಮಲಗಿದರೆ ಬೆನ್ನು ನೆಲಕ್ಕೆ ತಾಗುವುದಿಲ್ಲ. ಆದರೂ ಆಯ್ದು ಬಡಿದು ಬೀಸಿ ಇಟ್ಟ ಹಿಟ್ಟಿದ್ದರೆ ಟಬಿತಾ ಮತ್ತು ಡೈನಾ ರೊಟ್ಟಿ ತಿಂದು ವಸಂತ ನೋಡಬಹುದು. ಇಲ್ಲದಿದ್ದರೆ ಟರ್ನಿಪ್ ಗಡ್ಡೆ ಬೇಯಿಸಿದ ನೀರೇ ಗತಿ.

ಹೋದ ವರ್ಷ ಕಾವಲು ಸಿವುಡು ಏಳಲೇ ಇಲ್ಲ. ಧಣಿ ಹಂದಿ ಸಾಕಲು ಹಿಡಿದಿದ್ದರು. ಚುನಾವಣೆಯ ಔತಣಕ್ಕೆ ಕೊಬ್ಬಿದ ಹಂದಿ ಬೇಕಿತ್ತು. ಉದುರಿದ ತೆನೆ ಹಂದಿಗೆ ಮೇವು ಅಂದರು. ಹಕ್ಕಲು ಬಡವರ ಸೊತ್ತಲ್ಲ, ಹೊಲದೊಡೆಯನದು ಅಂತ ಲಂಡನ್ನಿನ ನ್ಯಾಯಾಧೀಶರೇ ತೀರ್ಪು ಕೊಟ್ಟಿದ್ದಾರೆ ಅಂದರು. ಆಗ ಪ್ರೂ ಅಜ್ಜಿ ರಾಣಿಯಾಗಿದ್ದಳು. ಸಿವುಡು ನಿಂತಿದ್ದಾಗಲೇ ಒಬ್ಬಳೇ ಹೊಲಕ್ಕೆ ಇಳಿದಳು. ಕಳ್ಳತನ ಅಂತ ಜೈಲಿಗೆ ಹಾಕಿಸಿದರು. ಗಂಟೆ ಕಿತ್ತುಕೊಂಡರು. ನೆಟ್ಟಗೆ ನಡೆದುಕೊಂಡು ಹೋದ ಹೆಂಗಸು ಗೋಡೆ ಹಿಡಿದುಕೊಂಡು ವಾಪಸು ಬಂದಳು. ಆ ಚಳಿಗಾಲದಲ್ಲಿ ಸೂಕಿಯ ಕೂಸು ಸತ್ತಿತು. ಜ್ವರ ಅಂದರು ಪಾದ್ರಿ. ಹೊಟ್ಟೆಗಿಲ್ಲದೆ ಬಂದ ಜ್ವರ ಅಂತ ಅವರೂ ಹೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ.

ಈ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ದೊಡ್ಡಮನೆಯಿಂದ ಟಬಿತಾಳಿಗೆ ಕರೆ ಬಂತು.

ಹಿತ್ತಿಲ ಬಾಗಿಲಿಗೆ ಹೋದಳು. ಮುಂಬಾಗಿಲು ನಮ್ಮಂಥವರಿಗೆ ಅಲ್ಲ. ಅಡಿಗೆಯವಳು ಪಾತ್ರೆ ತೊಳೆಯುವ ಕೋಣೆಯಲ್ಲಿ ನಿಲ್ಲಿಸಿ ಒಂದು ತಟ್ಟೆಯಲ್ಲಿ ತಣ್ಣನೆಯ ಮಾಂಸ ಕೊಟ್ಟಳು. ಯಾರೋ ಕಚ್ಚಿ ಬಿಟ್ಟ ತುಂಡು. ಹಲ್ಲಿನ ಗುರುತು ಇತ್ತು. ಟಬಿತಾ ನಿಂತುಕೊಂಡೇ ಅರ್ಧ ತಿಂದು ಉಳಿದದ್ದನ್ನು ಡೈನಾಳಿಗೆ ಅಂತ ಮಡಿಲ ಬಟ್ಟೆಯಲ್ಲಿ ಸುತ್ತಿಕೊಂಡಳು. ಅಷ್ಟರಲ್ಲಿ ಥರ್ಕಲ್ ಬಂದ. ಅವಳ ಮಂಡಿ ಬಗ್ಗಿತು.

“ಬಾರಮ್ಮ ಟಬಿತಾ. ಯಾಕೆ ಹಂಗೆ ನಡುಗ್ತೀಯಾ? ನಾನೇನು ನಿನ್ನ ತಿಂದುಬಿಡಲ್ಲ.” ಅವನು ಕೈಗಂಟೆಯನ್ನು ಮೇಜಿನ ಮೇಲಿಟ್ಟ. “ಈ ಸಲ ಹಕ್ಕಲು ರಾಣಿ ನೀನೇ.”

“ನಾನಾ ಬುದ್ಧಿ? ಹೆಂಗಸರು ಆರಿಸ್ಬೇಕು ಬುದ್ಧಿ. ನನ್ನ ಯಾರು ಆರಿಸ್ತಾರೆ?”

“ನಾನು ಆರಿಸಿದ್ದೀನಲ್ಲ, ಸಾಲ್ದಾ? ಗಂಟೆ ಯಾರ ಕೈಲಿದ್ಯೋ ಅವಳೇ ರಾಣಿ ಅನ್ನೋದು ನಿಮ್ಮದೇ ಕಟ್ಟು ತಾನೆ. ರಾಣಿ ಬಾರಿಸ್ದೆ ಅವರ್ಯಾರೂ ಒಳಗೆ ಕಾಲಿಡಲ್ಲ, ನಂಗೊತ್ತು. ನೀನು ಬಾರಿಸ್ಬೇಡ. ಅಷ್ಟೇ ನಿನ್ನ ಕೆಲಸ. ಏನೂ ಮಾಡ್ದೆ ಸುಮ್ನೆ ನಿಂತ್ಕೊಳ್ಳೋದು. ನಿಂಗೆ ಅದು ಚೆನ್ನಾಗಿ ಬರುತ್ತೆ.”

ಅಡಿಗೆಯವಳು ಕಿಸಕ್ಕೆಂದಳು.

“ಗುಡಿಸ್ಲು ನಿನಗೇ ಇರುತ್ತೆ. ಇಲ್ಲ ಅಂದ್ಯೋ, ಈ ವಾರವೇ ತಾಯಿ ಮಗಳು ಬೀದಿಗೆ. ಹುಡುಗಿನ ಅನಾಥರ ಮನೆಗೆ ಸೇರಿಸ್ತಾರೆ. ಅಲ್ಲಿ ಮಕ್ಕಳು ಎಷ್ಟು ದಿನ ಬಾಳ್ತವೆ ಅಂತ ನಾನು ಹೇಳ್ಬೇಕಾ?”

ಟಬಿತಾ ಗಂಟೆ ಕೈಗೆ ತೆಗೆದುಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಗಂಟೆ ತಾನಾಗಿಯೇ ಕಿಣಿಕಿಣಿ ಅನ್ನತೊಡಗಿತು. ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು. ಥರ್ಕಲ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ನಿನ್ನ! ನೀನು ಸುಮ್ನಿದ್ರೂ ನಿನ್ನ ಕೈ ಸುಮ್ನಿರಲ್ವಲ್ಲ” ಎಂದ. ಪಾತ್ರೆ ಒರೆಸುವ ಅರಿವೆಯಿಂದ ಒಂದು ತುಂಡು ಹರಿದು ಗಂಟೆಯ ನಾಲಿಗೆಗೆ ತಾನೇ ಬಿಗಿಯಾಗಿ ಸುತ್ತಿ ಕಟ್ಟಿದ. ಗಂಟೆ ಮೂಕವಾಯಿತು.

ಸುದ್ದಿ ಅವಳಿಗಿಂತ ಮೊದಲೇ ಊರು ತಲುಪಿತ್ತು. ಬಾವಿ ಕಟ್ಟೆಯ ಹತ್ತಿರ ಸೂಕಿ ಕೊಡ ಕೆಳಗಿಟ್ಟು ದಾರಿಗೆ ಅಡ್ಡ ನಿಂತಳು.

“ರಾಣಿಯವರು ಬಂದ್ರು, ದಾರಿ ಬಿಡ್ರೇ! ಏನು ತಿಂದ್ಯೇ ದೊಡ್ಡಮನೇಲಿ? ಬಾಯಿ ಜಿಡ್ಡಾಗಿದೆ.”

“ಸೂಕಿ, ನನ್ನ ಕೈಲಿ ಏನೂ ಇಲ್ಲ ಕಣೇ…”

“ಗಂಟೆ ಇದ್ಯಲ್ಲ! ನನ್ನ ಕೂಸು ಮಣ್ಣಲ್ಲಿದೆ. ಮೊಲೇಲಿ ಹಾಲಿರ್ಲಿಲ್ಲ ನಂಗೆ. ಈ ಸಲ ನಿನ್ನ ಡೈನಾ ಸರದಿ ಬಂದಾಗ ಗೊತ್ತಾಗುತ್ತೆ, ಹೋಗು.”

ಹೇಳಿದವಳೇ ಸೂಕಿ ಮುಖ ತಿರುಗಿಸಿದಳು. ಕೊಡ ಎತ್ತಿಕೊಂಡು ಹೊರಟುಬಿಟ್ಟಳು. ಟಬಿತಾ ಅಳಲಿಲ್ಲ. ಅಳುವುದಕ್ಕೂ ಹೆದರಿಕೆ. ನೇರ ಪ್ರೂ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಒಲೆ ಮುಂದೆ ಕೂತು ಕೆಮ್ಮುತ್ತಿದ್ದಳು. ಬೈದರೆ ಬೈಸಿಕೊಳ್ಳೋಣ ಅಂತ ಟಬಿತಾ ಗಂಟೆಯನ್ನು ಅವಳ ಮಡಿಲಲ್ಲಿ ಇಟ್ಟಳು.

ಅಜ್ಜಿ ಬೈಯಲಿಲ್ಲ. ಗಂಟೆಯನ್ನು ತಿರುಗಿಸಿ ನೋಡಿದಳು. ಅರಿವೆಯನ್ನು ಮುಟ್ಟಿದಳು, ಬಿಚ್ಚಲಿಲ್ಲ.

“ಜೈಲಲ್ಲಿ ಏನ್ ಮಾಡ್ತಾರೆ ಅಜ್ಜಿ?” ಟಬಿತಾ ಕೇಳಿದಳು.

“ಹಗ್ಗ ಬಿಡಿಸೋ ಕೆಲಸ. ಹಳೇ ಹಡಗಿನ ಹಗ್ಗ, ಟಾರು ಹಿಡಿದಿರುತ್ತೆ. ಉಗುರು ಕಿತ್ತು ಬರುತ್ತೆ. ರಾತ್ರಿ ಕಲ್ಲಿನ ಮೇಲೆ ಮಲಗ್ಬೇಕು.” ಅಜ್ಜಿ ತನ್ನ ಬೆರಳು ತೋರಿಸಿದಳು. “ಸುಳ್ಳು ಯಾಕೆ ಹೇಳ್ಲಿ ಮಗಳೇ, ಕೆಟ್ಟ ಜಾಗ.”

“ನಂಗೆ ಆಗಲ್ಲ ಅಜ್ಜಿ. ನಾನು ಸತ್ತೇ ಹೋಗ್ತೀನಿ.”

“ನಾನು ಮಾಡು ಅಂದ್ನಾ? ನಾನು ಒಬ್ಬಳೇ ಇಳಿದೆ, ಗಂಟೆ ಬಾರಿಸ್ಲಿಲ್ಲ. ನಿಮ್ಮನ್ಯಾಕೆ ಸಿಕ್ಕಿಸ್ಲಿ ಅಂತ. ಅದೇ ತಪ್ಪಾಯ್ತು. ಒಬ್ಬಳನ್ನ ಎತ್ತಾಕ್ಕೊಂಡು ಹೋದ್ರು, ಮುಗೀತು.” ಅಜ್ಜಿ ಗಂಟೆಯನ್ನು ವಾಪಸು ಕೊಟ್ಟಳು. “ಹೋಗು, ಮಗೂ ಕಾಯ್ತಿರುತ್ತೆ.”

ಮರುದಿನ ಬೆಳಿಗ್ಗೆ ಇಗರ್ಜಿಯ ಪಕ್ಕದ ಹೊಲದ ಗೇಟಿನಲ್ಲಿ ಊರಿನ ಹೆಂಗಸರೆಲ್ಲ ಸೇರಿದ್ದರು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ. ಬಂಡಿಗಳು ಹೋಗಿಯಾಗಿತ್ತು. ಬೋಳು ಹೊಲದ ನಡುವೆ ಕಾವಲು ಸಿವುಡು ಒಂದೇ ನಿಂತಿತ್ತು. ಅದರ ಸುತ್ತ ಕೂಳೆಯ ನಡುವೆ ಉದುರಿದ ತೆನೆ ಬಿಸಿಲಿಗೆ ಹೊಳೆಯುತ್ತಿತ್ತು. ಆ ತುದಿಯ ಗೇಟಿನಲ್ಲಿ ಹಂದಿಗಳು ಗುಟುರು ಹಾಕುತ್ತಿದ್ದವು. ಈ ತುದಿಯಲ್ಲಿ ಥರ್ಕಲ್ ಕುದುರೆಯ ಮೇಲಿದ್ದ. ಒಂದು ಹಂದಿ ಬೇಲಿ ನುಸುಳಿ ಇತ್ತಲೇ ಬಂದು ಅವನ ಕುದುರೆಯ ಕಾಲ ಬುಡದಲ್ಲಿ ಮೂಸುತ್ತಿತ್ತು.

ಟಬಿತಾ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಎದುರಿಗೆ ಹೆಂಗಸರ ಕಣ್ಣು. ನೆಲ ನೋಡಿದಳು.

“ಹೇಳು,” ಥರ್ಕಲ್ ಅಂದ. “ಈ ಸಲವೂ ಹಕ್ಕಲು ಇಲ್ಲ, ಮನೆಗೆ ಹೋಗಿ ಅಂತ ಹೇಳು. ರಾಣಿ ಬಾಯಿಂದ ಬರ್ಲಿ.”

ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಡೈನಾ ಗೇಟಿನ ಸಂದಿಯಲ್ಲಿ ಕೈ ತೂರಿಸಿ ಒಂದು ತೆನೆ ಎಳೆದುಕೊಂಡಳು. ಬರೀ ಒಂದು. ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡಳು. ಹಸಿದ ಮಗು, ಇನ್ನೇನು ಮಾಡೀತು?

ಥರ್ಕಲ್ ಕುದುರೆಯಿಂದ ಇಳಿದ. ಮಗುವಿನ ದವಡೆ ಹಿಡಿದು ಒತ್ತಿದ. ಕೈಗವಸು ಹಾಕಿದ ಬೆರಳನ್ನು ಬಾಯೊಳಗೆ ತುರುಕಿದ. ಡೈನಾ ಓಕರಿಸಿದಳು, ಆದರೆ ಕಾಳು ಬಿಡಲಿಲ್ಲ. ಅವನು ಬೆರಳು ಹೊರಗೆಳೆದು ಟಬಿತಾಳ ಲಂಗಕ್ಕೆ ಒರೆಸಿದ.

“ಉಗುಳಿಸು,” ಅಂದ. “ನೀನೇ ಉಗುಳಿಸು. ದೊಡ್ಡಮನೆ ಕಾಳು ಅದು. ಹಂದಿಗೆ ಹಾಕು.”

ಅಷ್ಟು ಜನರ ಮುಂದೆ ಟಬಿತಾ ಮಗಳ ಗಲ್ಲದ ಕೆಳಗೆ ಅಂಗೈ ಒಡ್ಡಿದಳು. “ಉಗುಳು ಮಗಳೇ” ಅಂದಳು. ಬೇರೆ ಯಾರದೋ ದನಿಯಂತಿತ್ತು. ಡೈನಾ ತಾಯಿಯ ಮುಖ ನೋಡಿದಳು. ಉಗುಳಿದಳು. ಅಗಿದ ಕಾಳು, ಎಂಜಲು, ಹಿಟ್ಟಿನ ಬಿಳಿ ಹಾಲು. ಅಂಗೈಯಲ್ಲಿ ಬೆಚ್ಚಗಿತ್ತು. ಮಗುವಿನ ತುಟಿ ಅಳುವಿಗೆ ಸೊಟ್ಟಗಾಗಿತ್ತು, ಸದ್ದು ಮಾತ್ರ ಇಲ್ಲ. ಸದ್ದು ಮಾಡದೆ ಅಳುವುದನ್ನು ಟಬಿತಾಳೇ ಕಲಿಸಿದ್ದಳು.

ಹಂದಿ ಮೂತಿ ಎತ್ತಿತು.

ಟಬಿತಾ ಅಂಗೈಯನ್ನು ಮಗಳ ಬಾಯಿಗೆ ಹಿಡಿದಳು.

“ನುಂಗು,” ಅಂದಳು.

“ಏಯ್!” ಅಂದ ಥರ್ಕಲ್.

“ನುಂಗೇ! ಎಲ್ಲಾ ನುಂಗು!”

ಡೈನಾ ನುಂಗಿದಳು. ಟಬಿತಾ ಗಂಟೆಯ ಅರಿವೆಗೆ ಕೈ ಹಾಕಿದಳು. ಗಂಟು ಬಿಚ್ಚಲು ಬರಲಿಲ್ಲ, ಬೆರಳು ನಡುಗುತ್ತಿತ್ತು. ಹಲ್ಲಿನಿಂದ ಕಚ್ಚಿ ಎಳೆದು ಹರಿದಳು. ಆಮೇಲೆ ಅವಳೇನೂ ಬಾರಿಸಬೇಕಾಗಲಿಲ್ಲ. ಕೈ ಮೇಲೆತ್ತಿದಳು, ನಡುಕಕ್ಕೇ ಗಂಟೆ ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು. ಆಮೇಲೆ ಸೂಕಿ ಗೇಟಿಗೆ ಒದ್ದಳು.

ಹೆಂಗಸರು ನುಗ್ಗಿದರು. ಕುದುರೆ ಬೆದರಿ ಹಿಂದಕ್ಕೆ ಸರಿಯಿತು. ಥರ್ಕಲ್ ಕೂಗಿದ, “ಸಿವುಡು ನಿಂತಿದೆ! ಕಾವಲು ಸಿವುಡು ನಿಂತಿದೆ! ಒಬ್ಬೊಬ್ಬರನ್ನೂ ಜೈಲಿಗೆ ಹಾಕಿಸ್ತೀನಿ!”

ಅದನ್ನು ಕೇಳಿ ಕೆಲವರು ಅಲ್ಲಲ್ಲೇ ನಿಂತರು. ಸಿವುಡು ನಿಂತಿರುವುದು ನಿಜ. ಕಟ್ಟು ಕಟ್ಟೇ. ಟಬಿತಾ ನೋಡಿದಳು. ಹೊಲದ ನಡುವಿಗೆ ನಡೆದಳು. ಸಿವುಡನ್ನು ಎರಡು ಕೈಯಲ್ಲಿ ತಬ್ಬಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಗಂಟೆಯನ್ನು ಮಡಿಲಿಗೆ ಸಿಕ್ಕಿಸಿದಳು.

“ಮುಟ್ಟಿದ್ಯಾ? ಕಳ್ಳಿ! ಧಣಿ ಸಿವುಡು ಕದೀತೀಯಾ?”

“ಕದಿಯಲ್ಲ ಬುದ್ಧಿ. ಧಣಿ ಮನೆಗೇ ತಗೊಂಡ್ಹೋಗಿ ಕೊಡ್ತೀನಿ.”

ಹಾಗೆ ಹೊರಟಳು. ಹಿಂದೆ ಹೆಂಗಸರು ಬಗ್ಗಿ ಆಯತೊಡಗಿದ್ದರು. ಡೈನಾಳನ್ನು ಪ್ರೂ ಅಜ್ಜಿ ಪಕ್ಕದಲ್ಲಿ ಇಟ್ಟುಕೊಂಡಳು.

ಹೊಲದಿಂದ ದೊಡ್ಡಮನೆಗೆ ಮರಗಳ ಸಾಲು ದಾರಿ. ಆ ದಾರಿಯಲ್ಲಿ ಟಬಿತಾ ಯಾವತ್ತೂ ನಡೆದವಳಲ್ಲ. ಥರ್ಕಲ್ ಕುದುರೆ ಓಡಿಸಿಕೊಂಡು ಮುಂದೆ ಹೋಗಿದ್ದ. ಜಲ್ಲಿ ಕಾಲಿಗೆ ಒತ್ತುತ್ತಿತ್ತು. ತೆನೆಯ ಮುಳ್ಳು ಕುತ್ತಿಗೆಗೆ ಚುಚ್ಚುತ್ತಿತ್ತು, ಸಿವುಡು ಹಿಡಿದ ಅಂಗೈಯನ್ನು ಗೀರುತ್ತಿತ್ತು. ಹಿಂದಕ್ಕೆ ಹೋಗಿಬಿಡಲೇ? ಕಾಲಿಗೆ ಬಿದ್ದುಬಿಡಲೇ? ತಪ್ಪಾಯ್ತು ಬುದ್ಧಿ, ಹುಚ್ಚು ಹಿಡಿದಿತ್ತು ಬುದ್ಧಿ ಅಂದರೆ ಬಿಟ್ಟಾರೇ? ಕೆರೆ ಕಾಣಿಸಿತು. ರೂಬೆನ್ ಸತ್ತ ಕೆರೆ. ಬಾತುಕೋಳಿ ಈಜುತ್ತಿದ್ದವು. ಅಲ್ಲಿ ಅವಳಿಗೆ ಉಚ್ಚೆ ಹೋಯಿತು. ಕಾಲಗುಂಟ ಬಿಸಿಯಾಗಿ ಇಳಿದು ಬೂಟಿನೊಳಗೆ ಸೇರಿತು. ಅವಳು ನಿಲ್ಲಲಿಲ್ಲ. ನಿಂತರೆ ಮತ್ತೆ ಕಾಲು ಏಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಮುಂಬಾಗಿಲ ಮೆಟ್ಟಿಲ ಮೇಲೆ ಸರ್ ಆಂಬ್ರೋಸ್ ನಿಂತಿದ್ದರು. ತಿಂಡಿಯಿಂದ ಎದ್ದು ಬಂದಿದ್ದರು, ಕತ್ತಿನಲ್ಲಿ ಇನ್ನೂ ಬಿಳಿ ಬಟ್ಟೆ. ಟಬಿತಾಳ ಮಂಡಿ ತಾನಾಗಿ ಬಗ್ಗಿತು. ಬಗ್ಗಿದ ಮಂಡಿಯಲ್ಲೇ ಸಿವುಡನ್ನು ಕೆಳಗಿನ ಮೆಟ್ಟಿಲ ಮೇಲೆ ಇಳಿಸಿದಳು.

“ಯಾರು ಈ ಹೆಂಗಸು?” ಧಣಿ ಥರ್ಕಲ್‌ನನ್ನು ಕೇಳಿದರು.

“ರೂಬೆನ್ ಮಾಟ್ ಹೆಂಡ್ತಿ ಬುದ್ಧಿ,” ಟಬಿತಾ ತಾನೇ ಹೇಳಿದಳು. “ಕೆರೆ ಕಲ್ಲಿನ ಕೆಳಗೆ ಸತ್ತನಲ್ಲ, ಅವನ ಹೆಂಡ್ತಿ.”

“ಯಾರು?”

ಅವರಿಗೆ ನೆನಪಿರಲಿಲ್ಲ. ನಾಟಕವೂ ಅಲ್ಲ, ನಿಜವಾಗಿಯೂ ನೆನಪಿರಲಿಲ್ಲ.

“ನಿಮ್ಮ ಸಿವುಡು ಬುದ್ಧಿ. ಎಣಿಸಿ ನೋಡ್ಕೊಳ್ಳಿ, ಒಂದು ತೆನೇನೂ ಮುಟ್ಟಿಲ್ಲ. ಇದು ನಿಮ್ದು. ನೆಲದ ಮೇಲೆ ಬಿದ್ದಿರೋದು ನಮ್ದು.”

“ನೋಡಮ್ಮ,” ಧಣಿಯ ದನಿ ಮೆತ್ತಗಿತ್ತು. “ನೀನು ತುಂಬಾ ಹೆದರಿದ್ದೀಯ. ಯಾರೋ ನಿನ್ನ ತಲೆ ಕೆಡಿಸಿದ್ದಾರೆ. ಈಗಲೇ ಹೋಗಿ ಆ ಹೆಂಗಸರನ್ನು ಹೊಲದಿಂದ ಎಬ್ಬಿಸು. ಬದುಕಿರುವವರೆಗೆ ಗುಡಿಸಲು ನಿನ್ನದೇ, ನಾನು ಮಾತು ಕೊಡುತ್ತೇನೆ. ಇಲ್ಲವಾದರೆ ಜೈಲು. ನಿನಗೆ ಹೆದರಿಕೆ ಆಗುವುದಿಲ್ಲವೇ?”

“ಆಗ್ತಿದೆ ಬುದ್ಧಿ. ನೋಡಿ, ಲಂಗ ಒದ್ದೆ ಆಗಿದೆ.” ಟಬಿತಾ ಅಳುತ್ತಿದ್ದಳು, ಈಗ ಸದ್ದು ಮಾಡಿಯೇ. “ಗಂಟೆ ಬಾರಿಸ್ದೆ ಇದ್ದಾಗ್ಲೂ ಹೆದರ್ಕೊಂಡೇ ಇದ್ದೆ. ಬಾರಿಸಿದ ಮೇಲೂ ಹೆದರ್ಕೊಂಡೇ ಇದ್ದೀನಿ. ಹೆಂಗಿದ್ರೂ ಹೆದರೋದೇ ಆದ್ಮೇಲೆ ಮಗೂ ಹೊಟ್ಟೆ ಆದ್ರೂ ತುಂಬ್ಲಿ ಬುದ್ಧಿ.”

ಧಣಿ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಕಮ್ಮಾರ ಅಮೋಸ್ ಊರಿನ ಕಾನ್‌ಸ್ಟೇಬಲ್ ಕೂಡ ಆಗಿದ್ದ. ಮಧ್ಯಾಹ್ನ ಕಳೆದಮೇಲೆ ಟಬಿತಾಳನ್ನು ಬಂಡಿಯಲ್ಲಿ ಕೂರಿಸಿಕೊಂಡು ಜೈಲಿಗೆ ಹೊರಟ. ಪಟ್ಟಣದ ದಾರಿ ಆ ಹೊಲದ ಬೇಲಿಯ ಪಕ್ಕದಲ್ಲೇ ಹೋಗುತ್ತದೆ. ಥರ್ಕಲ್ ಅಲ್ಲಿ ಕಾದಿದ್ದ. ಮುಖ ಕೆಂಪಗಾಗಿತ್ತು. ದೊಡ್ಡಮನೆಯ ಆಳುಗಳನ್ನು ಕರೆಸಿದ್ದ. ಆಳುಗಳು ಯಾರು? ಆ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರು. ಹೊಲಕ್ಕೆ ಇಳಿದು ಎಳೆದುಹಾಕಿ ಅಂದರೆ ಎಲ್ಲರೂ ತಮ್ಮ ಬೂಟು ನೋಡಿಕೊಂಡು ನಿಂತಿದ್ದರು. ಹಂದಿ ಕಾಯುವವನು ಗೇಟಿನ ಚಿಲಕ ತುಕ್ಕು ಹಿಡಿದಿದೆ, ತೆಗೆಯಲು ಬರುತ್ತಿಲ್ಲ ಅನ್ನುತ್ತಿದ್ದ.

ಹೊಲದಲ್ಲಿ ಬಗ್ಗಿದ ಬೆನ್ನುಗಳು. ಒಬ್ಬಳೂ ತಲೆ ಎತ್ತಿರಲಿಲ್ಲ. ಪ್ರೂ ಅಜ್ಜಿ ಕುಂಡಿ ಊರಿ ತೆವಳುತ್ತಾ ಆಯುತ್ತಿದ್ದಳು. ಡೈನಾಳ ಮಡಿಲು ತುಂಬಿ ಮುಂದಕ್ಕೆ ಜೋಲುತ್ತಿತ್ತು.

“ಬಾರಿಸು,” ಥರ್ಕಲ್ ಬಂಡಿಯ ಅಂಚು ಹಿಡಿದು ಅಂದ. “ಸಂಜೆ ಗಂಟೆ ಬಾರಿಸು. ಈಗಲೇ ಎಬ್ಬಿಸು ಅವರನ್ನ.”

“ಗಂಟೆ ಇಲ್ಲಿ ಕೊಡು, ನಾನು ಬಾರಿಸ್ತೀನಿ,” ಅಂದ ಥರ್ಕಲ್ ಜೊತೆಗಿದ್ದ ದೊಡ್ಡಮನೆಯ ಹೊಸ ಗುಮಾಸ್ತ.

“ನೀವು ಬಾರಿಸಿದ್ರೆ ಯಾರೂ ಏಳಲ್ಲ ಸ್ವಾಮಿ,” ಅಮೋಸ್ ಮುಂದೆ ನೋಡಿಕೊಂಡೇ ಹೇಳಿದ. “ರಾಣಿ ಕೈಲೇ ಆಗ್ಬೇಕು. ಹೊಲದಿಂದ ಎಲ್ಲಾ ಕಾಣುತ್ತೆ ಅವರಿಗೆ.”

ಥರ್ಕಲ್ ಅವಳ ಕಿವಿಯ ಹತ್ತಿರ ಬಾಗಿದ. ದನಿ ತಗ್ಗಿಸಿದ. “ಒಂದೇ ಒಂದು ಸಲ ಆಡಿಸು ಕಣೇ. ಬಂಡಿಯಿಂದ ಇಳಿದು ಮಗಳನ್ನ ಕರ್ಕೊಂಡು ಮನೆಗೆ ಹೋಗು. ಇಲ್ಲಾಂದ್ರೆ ಆ ಮಗೂನ ಇನ್ನು ನೋಡಲ್ಲ ನೀನು.”

ಟಬಿತಾ ಗಂಟೆಯನ್ನು ಮಡಿಲಿಂದ ತೆಗೆದಳು. ಡೈನಾಳ ಕಡೆ ನೋಡಿದಳು. ಹೊತ್ತು ಇನ್ನೂ ಇತ್ತು. ಹೊಲದ ಆ ಅರ್ಧ ಇನ್ನೂ ಆಯುವುದು ಬಾಕಿ ಇತ್ತು.

ಕೈ ನಡುಗತೊಡಗಿತು. ಗಂಟೆ ಕಿಣಿ ಅನ್ನಲು ಹವಣಿಸಿತು. ಅವಳಿಗೆ ಅವತ್ತಿಡೀ ಆಗದಷ್ಟು ಹೆದರಿಕೆ ಆಯಿತು. ಥರ್ಕಲ್‌ಗಲ್ಲ, ಜೈಲಿಗೂ ಅಲ್ಲ. ತನ್ನ ಕೈಗೆ. ಈ ಹಾಳು ಕೈ ತಾನಾಗಿಯೇ ಬಾರಿಸಿಬಿಟ್ಟರೆ? ಅವಳು ಇನ್ನೊಂದು ಕೈಯನ್ನು ಗಂಟೆಯೊಳಗೆ ತುರುಕಿ ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ಬಾರಿಸೇ!”

ಮುಷ್ಟಿ ಬಿಗಿದಳು. ಬೆಳಗ್ಗೆ ಸಿವುಡಿನ ಮುಳ್ಳು ಗೀರಿದ ಗಾಯ ಬಾಯಿ ಬಿಟ್ಟು ಗಂಟೆಯ ಅಂಚಿನಿಂದ ರಕ್ತ ತೊಟ್ಟಿಕ್ಕಿತು. ಭುಜದಿಂದ ಬೆರಳವರೆಗೆ ಕೈಯೆಲ್ಲ ನಡುಗುತ್ತಿತ್ತು, ಅವಳು ಕೂತ ಹಲಗೆ ಕೂಡ ನಡುಗುತ್ತಿತ್ತು.

ಅಮೋಸ್ ಕುದುರೆಗೆ ಹೂಂ ಅಂದ. ಬಂಡಿ ಹೊರಟಿತು. ಹೊಲದ ಬೇಲಿ ಮುಗಿಯುವವರೆಗೂ ಗಂಟೆ ಸದ್ದು ಮಾಡಲಿಲ್ಲ.